ಈ ಜಾಗ ಮಾರಾಟಕ್ಕಿಲ್ಲ

ಬಸ್ಸು ಕಿಟೆಂಗೆಲಾ ದಾಟಿದ ಮೇಲೆ
ಕಿಟಕಿಯಿಂದ ಎಣಿಸುತ್ತ ಬಾ, ಕೆಮುಂಟೊ.
ಗೋಡೆ ಗೋಡೆಗೂ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ:
ಈ ಜಾಗ ಮಾರಾಟಕ್ಕಿಲ್ಲ.
ಹದಿನೇಳು ಎಣಿಸಿದ್ದೆ ನಾನು, ಮೊದಲ ಸಲ.
ತಮ್ಮದಲ್ಲದ್ದನ್ನು ಮಾರುವವರಿದ್ದಾರೆ ಇಲ್ಲಿ,
ಅದಕ್ಕೇ ಆ ಬರಹ.
ಹೆದರಬೇಡ ಅನ್ನುವುದಿಲ್ಲ. ಹೆದರು.
ಹೆದರಿಕೊಂಡೇ ಬಸ್ಸು ಹತ್ತು.

ಗಿಕೊಂಬಾ ಸಂತೆಯಲ್ಲಿ ನನ್ನದು ಹಳೇ ಬಟ್ಟೆಯ ರಾಶಿ.
ಯಾರೋ ತೊಟ್ಟು ಬಿಟ್ಟ ಕೋಟಿನ ಜೇಬಲ್ಲಿ
ಒಮ್ಮೆ ಒಂದು ಬೀಗದಕೈ ಸಿಕ್ಕಿತು.
ಯಾವ ದೇಶದ್ದೋ, ಯಾವ ಬಾಗಿಲಿನದೋ,
ಎಸೆಯಲು ಮನಸ್ಸಾಗಲಿಲ್ಲ.
ನನ್ನ ಬಾಗಿಲಿಗೂ ಬೀಗವಿತ್ತು,
ಅದರ ಇನ್ನೊಂದು ಕೈ ಮನೆಯೊಡೆಯನ ಸೊಂಟದಲ್ಲಿತ್ತು.
ಬಾಡಿಗೆ ಐದು ದಿನ ತಡವಾದಾಗ
ಬೀಗ ತೆಗೆಯಲಿಲ್ಲ ಅವನು,
ಬಾಗಿಲನ್ನೇ ಬಿಚ್ಚಿಕೊಂಡು ಹೋದ.
ನಗಬೇಡ. ಹಲಗೆ, ಚಿಲಕ, ತಿರುಗಣಿ ಸಮೇತ.
ಆ ರಾತ್ರಿ ಹೊಸ್ತಿಲಿಗಡ್ಡ ಮಲಗಿ
ಮಕ್ಕಳಿಗೆ ನಾನೇ ಬಾಗಿಲಾದೆ.

ಚಾಮಾ ಸೇರಿದ್ದು ಆಮೇಲೆ.
ಗುರುವಾರ ಗುರುವಾರ ಹನ್ನೊಂದು ಹೆಂಗಸರು,
ತಲೆಗೆ ಇನ್ನೂರು ಶಿಲಿಂಗು,
ತಡವಾಗಿ ಬಂದರೆ ಇಪ್ಪತ್ತು ದಂಡ,
ಚಹಾ ಅವರವರ ಖರ್ಚು.
ಲೆಕ್ಕ ಬರೆಯುವವಳು ಮೀನು ಹುರಿಯುವ ಅಡೋಯೊ,
ಪುಸ್ತಕ ಬಿಚ್ಚಿದರೆ ಈಗಲೂ ವಿಕ್ಟೋರಿಯಾ ಸರೋವರದ ವಾಸನೆ.
ಹನಿಗೂಡಿದರೆ ಹಳ್ಳ ಅನ್ನುತ್ತಾರೆ.
ಹಳ್ಳವಾಗುವ ಮೊದಲು ಅದು ಬರೀ ಕೆಸರು ಕಣೇ,
ಆ ಕೆಸರಲ್ಲಿ ನಾಲ್ಕು ವರ್ಷ ನಿಂತಿದ್ದೇವೆ.

ಮೊದಲ ದಲ್ಲಾಳಿ ಟೈ ಕಟ್ಟಿದ್ದ, ಪ್ರಾರ್ಥನೆಯಿಂದ ಮಾತು ಶುರುಮಾಡಿದ್ದ.
ನಲವತ್ತು ಸಾವಿರ ಮುಂಗಡ.
ಅವನು ತೋರಿಸಿದ ಹುಲ್ಲು ಯಾವುದೋ ಶಾಲೆಯ ಆಟದ ಮೈದಾನ.
ಜಡೆ ಹೆಣೆಯುವ ನ್ಡೂಕು ವಾರವಿಡೀ ಅತ್ತಳು,
ಅಳುತ್ತಲೇ ಮುಂದಿನ ಗುರುವಾರದ ಇನ್ನೂರು ಕೊಟ್ಟಳು.

ಎರಡನೇ ಸಲ ಟೈ ನೋಡಲಿಲ್ಲ, ಕಾಗದ ನೋಡಿದೆವು.
ಭೂಮಿ ಕಚೇರಿಯಲ್ಲಿ ಸಾಲು ನಿಂತು
ದಾಖಲೆ ನಾವೇ ತೆಗೆಸಿದೆವು.
ಸರ್ವೇಯರನ ಹಿಂದೆ ಮುಳ್ಳಿನಲ್ಲಿ ನಡೆದು
ನಾಲ್ಕು ಮೂಲೆಯ ಗಡಿಕಲ್ಲು ಕೈಯಿಂದ ಮುಟ್ಟಿದೆವು.
ಪಕ್ಕದಲ್ಲಿ ಮೇಕೆ ಕಾಯುತ್ತಿದ್ದ ಮಾಸಾಯಿ ಅಜ್ಜಿಯನ್ನೂ ಕೇಳಿದೆವು,
ಅವಳಿಗೆ ಕಚೇರಿಗಿಂತ ಹೆಚ್ಚು ಗೊತ್ತಿತ್ತು.

ಗುಮಾಸ್ತ ಕತ್ತು ಎತ್ತದೆ ಕೇಳಿದ:
ಯಜಮಾನರು ಎಲ್ಲಿ?
ಇಲ್ಲೇ ನಿಂತಿದ್ದೇವೆ, ಹನ್ನೊಂದು ಜನ, ಅಂದಳು ಅಡೋಯೊ.
ಹೆಣ್ಣು, ಹೊನ್ನು, ಮಣ್ಣು ಎಂದು
ಒಂದೇ ಉಸಿರಲ್ಲಿ ಎಣಿಸುತ್ತಾರಲ್ಲ,
ಮೂರೂ ಬೇರೆಯವರ ಗಂಟು ಎಂಬಂತೆ.
ಅವತ್ತು ಆ ಪಟ್ಟಿಯಿಂದ
ಮೊದಲನೆಯದು ಎದ್ದು ಬಂದು
ಮೂರನೆಯದಕ್ಕೆ ರುಜು ಹಾಕಿತು.

ಐವತ್ತಕ್ಕೆ ನೂರಡಿ. ಈಗ ತಗಡಿನ ಮಾಡಿನ ಆರು ಕೋಣೆ.
ಪಾಯಕ್ಕೆ ಆ ಹಳೇ ಬೀಗದಕೈ ಹಾಕೋಣ ಅಂತಿದ್ದೆ,
ಪರ್ಸು ತೆಗೆದರೆ ಅದು ಇರಲೇ ಇಲ್ಲ,
ಎಲ್ಲೋ ಬಿದ್ದುಹೋಗಿತ್ತು.

ಇದನ್ನೂ ಹೇಳಬೇಕು ನಿನಗೆ.
ಕಳೆದ ತಿಂಗಳು ಮೂರನೇ ಕೋಣೆಯ ಹುಡುಗಿ ಬಾಡಿಗೆ ಕೊಡಲಿಲ್ಲ.
ಸಭೆಯಲ್ಲಿ ಒಬ್ಬಳು ಎದ್ದು
ಬಾಗಿಲು ಬಿಚ್ಚಿ ತರೋಣ ಅಂದಳು.
ಅಂದವಳು ನಾನೇ.
ನನ್ನ ದನಿ ನನಗೇ ಕೇಳಿದಾಗ
ಚಹಾದ ಲೋಟ ಕೈಯಲ್ಲೇ ತಣ್ಣಗಾಯಿತು.
ರಾತ್ರಿ ಹತ್ತರವರೆಗೆ ವಾದ.
ಬಾಗಿಲು ಅಲ್ಲೇ ಇದೆ. ಹುಡುಗಿಯೂ ಇದ್ದಾಳೆ,
ಕಂತಿನಲ್ಲಿ ತೀರಿಸುತ್ತಿದ್ದಾಳೆ.
ಮಣ್ಣು ಕೈಗೆ ಬಂದರೆ ಕೈ ಬದಲಾಗುತ್ತದೆ, ಕೆಮುಂಟೊ,
ಅದಕ್ಕೂ ಒಂದು ದಂಡ ಇಡಬೇಕಿತ್ತು ನಾವು.

ಬಾ, ಇಳಿಯೋಣ, ಇದೇ ಸ್ಟಾಪು.
ಅದೋ ಆ ಗೋಡೆ, ಬರಹ ಸೊಟ್ಟಗಿದೆ,
ಏಣಿ ಹಿಡಿಯಲು ಯಾರೂ ಇರಲಿಲ್ಲ, ನಾನೇ ಬರೆದದ್ದು.
ಓದಿದೆಯಾ? ಸರಿ.
ಗುರುವಾರ ನಾಲ್ಕಕ್ಕೆ ಸಭೆ.
ಇನ್ನೂರು ಇಲ್ಲದಿದ್ದರೆ ನೂರೈವತ್ತು ತಾ, ಮಾತಾಡೋಣ.
ತಡ ಮಾತ್ರ ಮಾಡಬೇಡ.