ಎರಡರಿಂದ ಎಂಟು

ಗುರುವಾರ. ನೀಲಿ ಡಬ್ಬಿ ಹೆಗಲಲ್ಲಿದೆ,
ಒಳಗೆ ನಾಲ್ಕು ಐಸ್ ಪ್ಯಾಕು.
ಫ್ರೀಜರಿನಿಂದ ತೆಗೆದ ಕೂಡಲೇ ಜೋಡಿಸುವಂತಿಲ್ಲ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು,
ಒಳಗೆ ನೀರು ಗುಳುಕ್ಕೆನ್ನಬೇಕು, ಎಳನೀರಿನ ಹಾಗೆ.
ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು.
ಎರಡರಿಂದ ಎಂಟು ಡಿಗ್ರಿ:
ಆ ಸಣ್ಣ ಓಣಿಯಲ್ಲೇ ನನ್ನ ನಡಿಗೆ
ಹದಿನಾಲ್ಕು ವರ್ಷದಿಂದ, ಅರಕಲಗೂಡು ತಾಲ್ಲೂಕಿನ ಈ ಏಳು ಊರಿಗೆ.

ಊರ ತುದಿಗೆ ಮೊಗಣ್ಣಗೌಡರ ಬ್ಯಾರನ್ನು.
ಹೊಗೆಸೊಪ್ಪು ಬೇಯುವ ಕಾಲ; ಗೋಡೆಯ ಪಕ್ಕ ಹಾದರೆ
ಅರ್ಧ ಮುಖಕ್ಕೆ ಬೇಸಿಗೆ, ಅರ್ಧ ಮುಖಕ್ಕೆ ಆಷಾಢ.
ಡಬ್ಬಿಯನ್ನು ಆ ಕಡೆ ಹೆಗಲಿಗೆ ದಾಟಿಸಿಕೊಳ್ಳುತ್ತೇನೆ.
‘ಐಸ್‌ಕ್ಯಾಂಡಿ ಬಂತು’ ಎನ್ನುತ್ತಾರೆ ಗೌಡರು, ಪ್ರತಿ ಸಲ.
ನಗುತ್ತೇನೆ, ಪ್ರತಿ ಸಲ.
ಅವತ್ತು ನಗಲಿಲ್ಲ.
ಸೊಸೆ ಕುಸುಮನಿಗೆ ಐದು ತುಂಬಿತ್ತು,
ತಾಯಿ ಕಾರ್ಡಿನ ಒಂದು ಸಾಲು ಇನ್ನೂ ಖಾಲಿ.

‘ಬ್ಯಾಡ ಕಣವ್ವ. ಬಸುರಿಗೆ ಚುಚ್ಚಿದ್ದು
ಹೊಟ್ಟೇಲಿರೋ ಕೂಸಿಗೆ ತಾಕದೆ ಇರ್ತದಾ?’
‘ತಾಕಲಿ ಅಂತಲೇ ಚುಚ್ಚೋದು, ಗೌಡ್ರೆ.’

ಜಗಲಿಯಲ್ಲಿ ಪುಟ್ಟಲಕ್ಕಮ್ಮ ಸೊಪ್ಪು ಕಟ್ಟುತ್ತಿದ್ದರು.
ಎಲೆಗೆ ಎಲೆ, ಕಡ್ಡಿಗೆ ದಾರ. ತಲೆಯೆತ್ತದೆ ಅಂದರು:
‘ಹೊಕ್ಕುಳ ಕುಯ್ದಿದ್ದು ಹುಲ್ಲು ಕುಯ್ಯೋ ಕುಡುಗೋಲಲ್ಲಿ.
ಮೇಲೆ ಒಲೆ ಬೂದಿ.
ಆರು ದಿನ ಚೆನ್ನಾಗಿ ಮೊಲೆ ಕುಡೀತು.
ಆಮೇಲೆ ಬಾಯಿ ಬಿಡಲಿಲ್ಲ.’
ಎಡಗೈ ಬೆರಳಿನಿಂದ ಗಾಳಿಯಲ್ಲಿ ಒಂದು ಬಿಲ್ಲು ಬರೆದರು,
ಬೆನ್ನು ಹಾಗಾಯಿತು ಅಂತ.
‘ಎಂಟನೇ ದಿನ. ಎರಡನೇದೂ ಎಂಟಕ್ಕೇ.
ಇವನು ಹುಟ್ಟಿದಾಗ ಒಂಬತ್ತು ಕಳೆಯೋವರೆಗೂ
ತೊಟ್ಟಿಲು ಅಟ್ಟದಿಂದ ಇಳಿಸಲಿಲ್ಲ ನಾನು.’
ದಾರ ಬಿಗಿದರು. ಇನ್ನೊಂದು ಕಡ್ಡಿ ಎತ್ತಿಕೊಂಡರು.

ಗೌಡರು ಎದ್ದು ಬ್ಯಾರನ್ನಿನ ಕಿಂಡಿಗೆ ಹೋದರು.
ಥರ್ಮಾಮೀಟರು ನೋಡಲಿಕ್ಕೋ, ಬೆನ್ನು ತಿರುಗಿಸಲಿಕ್ಕೋ,
ನನಗೆ ಗೊತ್ತಿಲ್ಲ.
ಎಷ್ಟೋ ಹೊತ್ತಿನ ಮೇಲೆ ಬಂದು ಕೇಳಿದರು:
‘ನಿನ್ ಡಬ್ಬೀಲಿ ಎಷ್ಟೈತೆ?’
‘ನಾಲ್ಕು.’
‘ತೋರ್ಸು.’
ತೋರಿಸಿದೆ. ಸೀಸೆಯ ಮೇಲಿನ ಗುರುತನ್ನೂ ತೋರಿಸಿದೆ:
ಬಣ್ಣದ ವೃತ್ತ, ನಡುವೆ ಬೆಳ್ಳಗಿನ ಚೌಕ.
‘ಚೌಕ ಕಪ್ಪಾದ್ರೆ?’
‘ಬಿಸಿ ತಗುಲಿದೆ ಅಂತ. ಎಸೀತೀನಿ.’
‘ಇಡೀ ಸೀಸೆ?’
‘ಇಡೀ ಸೀಸೆ.’
ಹಳದಿಗೆ ನೂರು, ಕಡ್ಡಿ ಒಣಗಲು ನೂರ ಅರವತ್ತು ಎಂದು
ಎಲೆಯ ಬಣ್ಣಕ್ಕಾಗಿ ರಾತ್ರಿಯಿಡೀ ಕಣ್ಣು ಬಿಟ್ಟು ಕೂತ ಮನುಷ್ಯ
ಆ ಕಡಲೆಬೇಳೆಯಷ್ಟು ಚೌಕವನ್ನು ತಿರುಗಿಸಿ ತಿರುಗಿಸಿ ನೋಡಿದರು.
‘ಕುಸ್ಮಾ, ಬಾರವ್ವ ಈಚೆಗೆ.’

ಕುಸುಮ ತೋಳು ಕೊಟ್ಟು ಕಣ್ಣು ಮುಚ್ಚಿದಳು.
ಹೇಳಿದೆ: ಇದು ಬುತ್ತಿ ಕಣೇ.
ನಿನ್ನ ರಕ್ತ ಕಟ್ಟಿಕೊಡುತ್ತೆ, ಕೂಸು ಹೊತ್ತುಕೊಂಡು ಬರುತ್ತೆ.
ಎಷ್ಟು ದೂರ ಬರುತ್ತೋ ಅಷ್ಟು ದೂರ.
ಬುತ್ತಿ ಕರಗೋ ಹೊತ್ತಿಗೆ, ಒಂದೂವರೆ ತಿಂಗಳಿಗೆ,
ಅದರ ತೊಡೆಗೇ ಬರ್ತೀನಿ ನಾನು.
ತಿಂಗಳು ಬಿಟ್ಟು ಇನ್ನೊಂದು ಚುಚ್ಚಿದೆ. ಸಾಲು ತುಂಬಿತು.

ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ.
ಬ್ಯಾರನ್ನು ತಣ್ಣಗಾಗಿತ್ತು ಅಷ್ಟೊತ್ತಿಗೆ.
ತವರಲ್ಲಿ ತಾಯಿಯಿಲ್ಲದ ಕುಸುಮ ಇಲ್ಲೇ ಬಾಣಂತಿ.
ಎಂಟನೇ ದಿನ ಹೋದೆ. ಡ್ಯೂಟಿ ಇರಲಿಲ್ಲ, ಡಬ್ಬಿಯೂ ಇರಲಿಲ್ಲ.
ನಮ್ಮ ರಿಜಿಸ್ಟರಿನಲ್ಲಿ ಕೊಟ್ಟದ್ದಕ್ಕೆ ಕಾಲಂ ಇದೆ,
ಸತ್ತದ್ದಕ್ಕೆ ಇದೆ;
ಆಗದೆ ಹೋದದ್ದಕ್ಕೆ ಇಲ್ಲ.
ಅದನ್ನು ನೋಡಬೇಕೆಂದರೆ ಮನೆಗೇ ಹೋಗಬೇಕು.

ತೊಟ್ಟಿಲು ಇಳಿದಿತ್ತು ಅಟ್ಟದಿಂದ.
ಕೂಸು ಆಕಳಿಸಿತು, ಹಲ್ಲಿಲ್ಲದ ಬಾಯಿ
ಕಿವಿಯವರೆಗೆ ತೆರೆದು, ಯಾರ ಹಂಗೂ ಇಲ್ಲದೆ.
ಪುಟ್ಟಲಕ್ಕಮ್ಮ ಬೆರಳು ಇಡಹೋದರು ಆ ಬಾಯಿಗೆ.
‘ಕೈ ತೊಳೆದ್ರಾ?’ ಎಂದು ಗದರಿಬಿಟ್ಟೆ.
ಬೆರಳು ಗಾಳಿಯಲ್ಲೇ ನಿಂತಿತು.
‘ಹುಚ್ಚು ನನಗೆ’ ಎಂದು
ನಗುತ್ತ, ಕಣ್ಣೊರೆಸುತ್ತ,
ಬಚ್ಚಲಿಗೆ ಓಡಿದರು ಸೋಪು ಹುಡುಕಿಕೊಂಡು.