ಒಂಬತ್ತನೆಯ ಬಳೆ

ನಕ್ಷೆಯಲ್ಲಿ ಒರೊರೂ ಅಂತ ಬರೆದಿದೆ,
ನನ್ನ ಕಿವಿಗದು ಊರೂರು.
ಊರೂರು ಅಲೆದವಳಿಗೆ ತಕ್ಕ ಹೆಸರೇ ಅಂದುಕೊಂಡೆ
ಆಸ್ಪತ್ರೆಯ ರಾತ್ರಿಪಾಳಿಗೆ ಸಹಿ ಹಾಕುತ್ತ.

ನೂರೈವತ್ತು ವರ್ಷದ ಹಿಂದೆ ಅಳತೆಯವನೊಬ್ಬ
ಕುದುರೆ ಮೇಲೆ ಬಂದು ಗೆರೆ ಎಳೆದನಂತೆ:
ಈಚೆ ಗೋಧಿ, ಆಚೆ ಬರೀ ಆಸೆ.
ಆಚೆ ಹೋದವರ ಕಲ್ಲುಮನೆಗಳು ಈಗಲೂ ನಿಂತಿವೆ
ಸೂರಿಲ್ಲದೆ, ಬಾಯಿ ತೆರೆದು.
ಗೆರೆ ನನ್ನ ಹಿತ್ತಿಲಲ್ಲೇ ಹಾದಿದೆ, ಅಡುಗೆಮನೆ ಈಚೆ,
ಕಕ್ಕಸು ಆಚೆ, ಎನ್ನುತ್ತಾಳೆ
ಪಕ್ಕದ ಮನೆಯ ಎನಿಡ್ ನೋಸ್ಕೆ.

ನೆಲದ ನೀರು ಇಲ್ಲಿ ಉಪ್ಪು.
ಸೋಪು ನೊರೆಗಟ್ಟದು, ಚಹಾಕ್ಕೆ ಚಹಾದ ಮುಖ ಬಾರದು.
ಕುಡಿಯಲಿಕ್ಕೆ ಸೂರಿನಿಂದ ಇಳಿದದ್ದೇ ಗತಿ.
ಗೋಡೆಗೆ ಹೆಗಲು ಕೊಟ್ಟು ನಿಂತಿದೆ ಅವಳ ತಗಡಿನ ಟ್ಯಾಂಕು
ಮೈತುಂಬ ಇಪ್ಪತ್ತಾರು ಸುತ್ತು ತೊಟ್ಟು.
ರಿಂಗು ಅಂದಳು ಅವಳು.
ಬಳೆ ಅಂತ ಕಲಿಸಿದೆ ನಾನು.
ಬಾಲೆ ಅಂದಳು. ಇರಲಿ.

ಗೆಣ್ಣಿನಿಂದ ತಟ್ಟುತ್ತ ಬಾ, ಮೇಲಿಂದ ಕೆಳಗೆ.
ಠಣ್ ಅಂದರೆ ಗಾಳಿ.
ಎಲ್ಲಿ ದನಿ ಸತ್ತು ದೊಪ್ಪೆನ್ನುತ್ತದೋ
ಅಲ್ಲಿಂದ ಕೆಳಗೆ ನೀರು.
ತುಂಬಿದ ಕೊಡ ತುಳುಕದು ಅಂತ ನಮ್ಮಲ್ಲಿ ಗಾದೆ, ಅಂದೆ.
ಗಾದೆ ಕಟ್ಟಿದವರ ಕೊಡ ತುಂಬಿತ್ತೇನೋ, ಅಂದಳು.

ಉಗ್ರಾಣದ ಬಾಗಿಲ ಒಳಮೈಯೇ ಅವಳ ಪಂಚಾಂಗ.
ಅತ್ತೆಯ ಕೈಬರಹ, ಗಂಡನದು, ಆಮೇಲೆ ಅವಳದು,
ಪೆನ್ಸಿಲ್ಲಿನಲ್ಲಿ ಮಳೆ, ದಿನದಿನದ್ದು.
ಸೊನ್ನೆಯನ್ನೂ ಬರೆಯುತ್ತಾಳೆ.
ಈ ವರ್ಷ ಫೆಬ್ರವರಿಯಿಂದ ಬಾಗಿಲು
ಮೊಟ್ಟೆ ಇಟ್ಟ ಹಾಗಿತ್ತು.

ಮೇ ತಿಂಗಳಲ್ಲಿ, ಎಂಬತ್ತೊಂದು ತುಂಬಿದವಳು, ಏಣಿ ಹತ್ತಿ
ಸೂರಿನ ದೋಣಿಯಿಂದ ಗಲಾ ಗಿಳಿಗಳ ಪುಕ್ಕ ಬಾಚುತ್ತ
ಬಿದ್ದಳು. ಸೊಂಟ.
ಸ್ಟ್ರೆಚರಿನಿಂದ ನನ್ನ ಮುಂಗೈ ಹಿಡಿದು ಹೇಳಿದ್ದು ಒಂದೇ:
ಮೊದಲ ಮಳೆ ಅದಕ್ಕೆ ಕುಡಿಸಬೇಡ.
ಪೈಪಿನ ಮೊಣಕೈ ಆಚೆ ತಿರುಗಿಸಿ ಹಿಡಿ.
ಕೆಟಲು ಎರಡು ಸಲ ಕುದಿಯುವಷ್ಟು ಹೊತ್ತು.

ಗದಗಿನ ಓಣಿಯಲ್ಲಿ ಬೆಳೆದವಳು ನಾನು.
ನಲ್ಲಿ ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ.
ಅಕ್ಕಿ ತೊಳೆದದ್ದು ಮುಸುರೆಗೆ, ಮುಸುರೆಯದ್ದು ಕರಿಬೇವಿಗೆ.
ಒಂದು ತಂಬಿಗೆ ಚೆಲ್ಲಿದ್ದಕ್ಕೆ ಅವ್ವ ಬೆನ್ನಿಗೆ ಕೊಟ್ಟ ಗುದ್ದು
ಇನ್ನೂ ಅಲ್ಲೇ ಇದೆ, ಮುಟ್ಟಿದರೆ ಸಿಗುತ್ತದೆ.

ಅಂಥವಳು ಆ ಗುರುವಾರ ನಡುರಾತ್ರಿ
ನೈಟಿಯ ಮೇಲೆ ಎನಿಡಳ ಕೋಟು ಹಾಕಿಕೊಂಡು
ತಗಡಿನ ಮೊಣಕೈ ತಿರುಗಿಸಿ ಹಿಡಿದು ನಿಂತೆ.
ಬಂತು.
ನಾಲ್ಕು ತಿಂಗಳ ಕೆಂಧೂಳು ಬಂತು, ಹಿಕ್ಕೆ ಬಂತು,
ಗುರುತು ಸಿಗದ ಒಂದು ಹುಳದ ರೆಕ್ಕೆ ಬಂತು,
ಚಹಾದ ಬಣ್ಣದಲ್ಲಿ ಕಾಲಮೇಲೆ ಹಾದು
ಒಣನೆಲಕ್ಕೆ ಹೋಯಿತು, ಹೋಗುತ್ತಲೇ ಇತ್ತು.
ಸಾಕು ಸಾಕು ಅಂದವು ಕೈಗಳು.
ಕೆಟಲು ಒಂದು ಸಲ ಕುದಿಯಿತು ಮನಸ್ಸಿನಲ್ಲಿ.
ಬೆನ್ನು ಗುದ್ದಿಗೆ ಕಾಯುತ್ತಿತ್ತು.
ಇನ್ನೊಂದು ಸಲ ಕುದಿಯಲಿ ಅಂತ
ಹಲ್ಲು ಕಚ್ಚಿ ಎಣಿಸಿದೆ, ಕನ್ನಡದಲ್ಲಿ, ಮುನ್ನೂರರವರೆಗೆ.
ನೀರು ತಿಳಿಯಾಯಿತೋ ಕತ್ತಲಲ್ಲಿ ಯಾರು ಕಂಡರು?
ನಾಲಗೆಗೆ ಹಚ್ಚಿ ನೋಡಿ, ತಿರುಗಿಸಿದೆ.
ಟ್ಯಾಂಕಿನೊಳಗೆ ಬಹಳ ಕೆಳಗೆ
ಯಾರೋ ಮಾತು ಶುರು ಮಾಡಿದರು.

ಬೆಳಿಗ್ಗೆ ಬಾಗಿಲ ಮೇಲೆ ೨೨.೫ ಅಂತ ಬರೆದು,
ಅವಳಿಗೆ ಓದಲು ಬರುವುದಿಲ್ಲವಲ್ಲ ಅಂತ ನೆನಪಾಗಿ
ಪಕ್ಕದಲ್ಲಿ ಅವಳ ಅಂಕಿಯಲ್ಲಿ ಮತ್ತೆ ಬರೆದೆ.
ಅಳಿಸಲಿಲ್ಲ.

ಪೋರ್ಟ್ ಅಗಸ್ಟಾದಿಂದ ಫೋನು.
ಎಷ್ಟು?
ಹಲೋ ಇಲ್ಲ, ಸೊಂಟದ ಸುದ್ದಿ ಇಲ್ಲ.
ಹೇಳಿದೆ. ನಂಬಲಿಲ್ಲ.
ತಟ್ಟು, ಅಂದಳು.

ಫೋನನ್ನು ತಗಡಿಗೊತ್ತಿ ತಟ್ಟುತ್ತ ಇಳಿದೆ,
ಬುಡದಿಂದ ಎಣಿಸುವ ಲೆಕ್ಕ ಅವಳದು.
ಹನ್ನೊಂದು, ಠಣ್.
ಹತ್ತು, ಠಣ್, ತುಸು ಗಂಟಲು ಕಟ್ಟಿದ ಹಾಗೆ.
ಒಂಬತ್ತು.

ಅತ್ತ ವಾರ್ಡಿನಲ್ಲಿ ಯಾವುದೋ ಯಂತ್ರ ಕುಂಯ್ಗುಡುತ್ತಿತ್ತು.
ಇನ್ನೊಮ್ಮೆ, ಅಂದಳು ಎನಿಡ್,
ಆ ಬಾಲೆಯನ್ನೇ.