ಆ ಸೊಪ್ಪು

ಅತ್ತೆಯ ಹಳೆ ಸೀರೆಯ ತುಂಡಿನಲ್ಲಿ ರಾಗಿ ಮೊಳಕೆ ಕಟ್ಟಿದ್ದೇನೆ.
ಮೂರನೆಯ ದಿನ ನೂಲಿನ ಸಂದಿಯಿಂದ
ಬಿಳಿ ಬೇರು ಇಣುಕಿವೆ, ಹಾಲುಹಲ್ಲಿನ ಹಾಗೆ.
ಕಾರವಾರದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ
ಲ್ಯಾಬಿನ ಬೀಕರು ತೊಳೆದ ಕೈ ಇದು,
ಅಳತೆಯಿಲ್ಲದ್ದನ್ನು ನಂಬುವುದಿಲ್ಲ.
ನಿವೃತ್ತಿಯ ದಿನ ಅವರು ಕೊಟ್ಟ ಶಾಲು ಪೆಟ್ಟಿಗೆಯಲ್ಲಿದೆ,
ಕೊಡದೆ ತಂದ ಥರ್ಮಾಮೀಟರು ಹರವಿಯಲ್ಲಿದೆ.

ಮಾಸ್ತಮ್ಮತ್ತೆಯ ಲೆಕ್ಕವೇ ಬೇರೆ.
ನೀರೆಷ್ಟು?
"ಮೊಣಕೈ ಮುಳುಗುವಷ್ಟು."
ಯಾರ ಮೊಣಕೈ?
"ಮಾಡುವವಳದ್ದು."
ಬಿಸಿ? "ಎಳೆ ಕೂಸನ್ನು ಮೀಯಿಸುವಷ್ಟು."
ಎಷ್ಟು ದಿನ? "ಅದು ಮಾತಾಡುವ ತನಕ.
ಮಾತು ನಿಂತ ಮೇಲೆ ಇನ್ನೊಂದು ರಾತ್ರಿ."
ಮೂವತ್ತೇಳು ಡಿಗ್ರಿ ಎಂದು ಬರೆದುಕೊಂಡೆ.
ಮಾತಿನ ಕಾಲಮ್ಮು ಖಾಲಿ ಬಿಟ್ಟೆ.

ಗಂಡಸರು ಮರದ ಮೇಲಿದ್ದರು ಆಗ.
ಅವರ ಕಳ್ಳಿಗೆ ಹೆಸರಿತ್ತು, ಗುತ್ತಿಗೆಯಿತ್ತು, ಮರಕ್ಕೊಂದು ನಂಬರಿತ್ತು,
ತೆರಿಗೆ ಎಣಿಸಲು ಬರುವ ಟೊಪ್ಪಿಗೆಯಿತ್ತು.
ಕೆಳಗೆ, ಒಲೆಯ ಹಿಂದಿನ ಕತ್ತಲಲ್ಲಿ, ಹೆಂಗಸರು ಹುಳಿಯೇರಿಸಿದ್ದಕ್ಕೆ
ಮೊಳಕೆನೀರು ಅಂದರೆ ಮುಗಿಯಿತು.
ನೀರಿಗೆ ಯಾರು ತೆರಿಗೆ ಹಾಕುತ್ತಾರೆ?
ನಾಟಿ ಮುಗಿದ ಸಂಜೆ, ಬೆನ್ನು ನೆಟ್ಟಗಾಗಲಿಕ್ಕೆ, ಒಬ್ಬೊಬ್ಬರಿಗೆ ಒಂದು ಗೆರಟೆ.

ಸೊಗದೆ ಬೇರು ಅಂಕೋಲೆಯ ಸಂತೆಯಲ್ಲಿ ಸಿಕ್ಕಿತು,
ಹಾಲಕ್ಕಿ ಹೆಂಗಸೊಬ್ಬಳ ಬುಟ್ಟಿಯ ತಳದಲ್ಲಿ, ಬಸಳೆಯ ಅಡಿಗೆ.
ಕಿರಾತಕಡ್ಡಿ ಗ್ರಂಧಿಗೆ ಅಂಗಡಿಯದ್ದು, ಹಿಪ್ಪಲಿ ತಂಗಿಯ ಮನೆಯದ್ದು.
ಗಷ್ಟು ಕೊಟ್ಟವಳು ಪಿಯೇದಾದ್ ಬಾಯಿ,
ಸಾನ್ನಾ ಹುಯ್ಯಲು ಇಟ್ಟ ಕಳ್ಳಿನ ತಳದಿಂದ ಅರ್ಧ ಲೋಟ.
"ಸಾಲ ಇದು. ತಿರುಗಿ ಕೊಡಬೇಕು, ಜೀವಂತ."

ಮೊದಲ ಹರವಿ ಹುಳಿತು ಗೋಡೆಗೆ ಬಳಿಯುವಂತಾಯಿತು.
ಎರಡನೆಯದನ್ನು ಬಾಟಲಿಗೆ ತುಂಬಿ ಬೂಚು ಬಡಿದೆ, ಬುದ್ಧಿವಂತ.
ಮೇ ತಿಂಗಳ ಸೆಕೆ. ರಾತ್ರಿ ಎರಡಕ್ಕೆ ಒಂದು,
ಆಮೇಲೆ ಮೂರು ಒಟ್ಟಿಗೆ.
ಕಾಲೊನಿಯ ನಾಯಿಗಳೆಲ್ಲ ನೌಕಾನೆಲೆಯ ಕಡೆ ಮುಖಮಾಡಿ ಬೊಗಳಿದವು.
ಪಕ್ಕದ ಮನೆಯ ಹವಾಲ್ದಾರ ಟಾರ್ಚು ಹಿಡಿದು ಬಂದ.
ಮಾಡಿನಿಂದ ತೊಟ್ಟಿಕ್ಕುವುದನ್ನು ಬೆರಳಲ್ಲಿ ಹಿಡಿದು, ನೆಕ್ಕಿ,
"ನಾಯ್ಕರೇ, ಇದಕ್ಕೆ ಲೈಸೆನ್ಸು?" ಅಂದ.
ಅತ್ತೆ ಒಳಗಿನಿಂದ: "ನೀರು ಮಾರಾಯ."

ಮೂರನೆಯದಕ್ಕೆ ಅವಳೇ ಬಂದು ಕೂತಳು,
ಹರವಿಯ ಹೊಟ್ಟೆಗೆ ಕಿವಿಯಾನಿಸಿ.
"ಎಲ್ಲ ಉಂಟು. ಆ ಸೊಪ್ಪಿಲ್ಲ."
ಯಾವ ಸೊಪ್ಪು?
"ಆ ಸೊಪ್ಪು. ಉಜ್ಜಿದರೆ ಹಸಿಮಾವಿನ ವಾಸನೆ.
ನಮ್ಮ ಬಾವಿಯ ಹಿಂದೆ, ದರೆಯ ತುಂಬ.
ಕೈ ಚಾಚಿದರೆ ಸಿಗುವುದಕ್ಕೆ ಹೆಸರು ಯಾಕೆ ಬೇಕಿತ್ತು?"

ಆ ಬಾವಿ ಈಗ ತಂತಿಬೇಲಿಯಾಚೆ.
ಫೋಟೋ ತೆಗೆಯಬಾರದು ಎಂಬ ಬೋರ್ಡು.
ಬಸ್ಸು ಅಲ್ಲಿಗೆ ಬಂದಾಗ ಅತ್ತೆ ಈಗಲೂ ಸೆರಗು ಸರಿಮಾಡಿಕೊಳ್ಳುತ್ತಾಳೆ,
ಇಳಿಯುವವಳ ಹಾಗೆ.
ಮನೆಗೆ, ತೆಂಗಿಗೆ, ಹಲಸಿಗೆ ಬೆಲೆ ಕಟ್ಟಿದ ಪಟ್ಟಿ ನನ್ನಲ್ಲಿದೆ,
ಮೂರು ಪುಟ. ಸೊಪ್ಪಿನ ಸಾಲಿಲ್ಲ.
ಬಾಟನಿ ಮೇಡಂ ಹತ್ತು ಎಲೆ ಕಳಿಸಿದರು;
ಹತ್ತನ್ನೂ ಉಜ್ಜಿದಳು, ಮೂಸಿದಳು, ಆಡಿಗೆ ಹಾಕಿದಳು.

ಆರನೆಯ ರಾತ್ರಿ ಹರವಿಯೊಳಗೆ ಮಾತು ನಿಂತಿತು.
ಏಳನೆಯ ಸಂಜೆ ಗೆರಟೆಯಲ್ಲಿ ಬಗ್ಗಿಸಿ ಕೊಟ್ಟೆ.
ಕಣ್ಣು ಮುಚ್ಚಿ ಕುಡಿದಳು.
"ಇದಲ್ಲ."
ಗೆರಟೆ ಮತ್ತೆ ಚಾಚಿದಳು.
"ಇದೂ ಅಲ್ಲ," ಅಂದಳು, ಕಾಲು ನೀಡಿಕೊಂಡು.

ಬೆಳಗ್ಗೆ ತಳದ ಗಷ್ಟು ಪಿಯೇದಾದ್ ಬಾಯಿಗೆ ಒಯ್ದೆ.
ಲೋಟ ಅಲ್ಲಾಡಿಸಿ ಕಿವಿಯ ಹತ್ತಿರ ಹಿಡಿದು, ಒಳಗಿಟ್ಟಳು.
ಆ ಭಾನುವಾರ ಅವಳ ಸಾನ್ನಾ ಕಂದು ಬಣ್ಣಕ್ಕೆ ಉಬ್ಬಿದ್ದವು,
ಒಂದು ಚೂರು ಕಹಿ.
ಯಾರೂ ಏನೂ ಕೇಳಲಿಲ್ಲ.
ಹವಾಲ್ದಾರ ಆರು ತಿಂದ.